ನಾಲ್ಕು ಬೆರಳು ಅರಳೆ

"ಮಲಗಿ ನೋಡಿ ಹಾಜಿ. ಮಲಗದೆ ಹಾಸಿಗೆ ಗುಣ ಹೇಗೆ ಗೊತ್ತಾಗುತ್ತೆ?" ಎಂದು ಅಂಗಡಿಯ ವಗ್ದಿ ಎರಡನೆಯ ಸಲ ಹೇಳಿದಾಗ ಉಸ್ತಾ ಮಿತ್ವಲ್ಲಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ. ಹಾಜಿ ಅಂತೆ! ಅವನು ದಿನಕ್ಕೈದು ಸಲ ಮೆಕ್ಕಾದ ಕಡೆ ಮುಖ ಮಾಡಿದ್ದುಂಟು, ಅಲ್ಲಿ ಕಾಲಿಟ್ಟದ್ದಿಲ್ಲ. ತಲೆ ನರೆತವರನ್ನೆಲ್ಲ ಬಾಗಿಲಲ್ಲೇ ಹಾಜಿ ಮಾಡಿ ಕೂರಿಸುವುದು ಈ ಅಂಗಡಿಯವರ ಚಾಳಿ. ಅವನು ಉಸ್ತಾ. ಕೈಕಸುಬಿನಲ್ಲಿ ಪಳಗಿದವನಿಗೆ ಊರು ತಾನಾಗಿ ಕೊಡುವ ಹೆಸರು ಅದು, ಬಾಗಿಲಲ್ಲಿ ನಿಂತು ಹಂಚುವಂಥದ್ದಲ್ಲ. ಮಹಲ್ಲಾ ಊರಿನ ಗಲ್ಲಿಗಳಲ್ಲಿ ಮೂವತ್ತೇಳು ವರ್ಷ ಹತ್ತಿ ಹಿಂಜಿ ಮದುವಣಗಿತ್ತಿಯರ ಹಾಸಿಗೆ ಹೊಲಿದಿದ್ದಾನೆ. ತಾನು ಹೊಲಿದ ಒಂದು ಹಾಸಿಗೆಯ ಮೇಲೂ ಕೂತವನಲ್ಲ. ಅಂಚು ಹೊಲಿಯುವಾಗಲೂ ಅವನ ಮೊಣಕಾಲು ನೆಲದ ಮೇಲೇ. ಮದುವಣಗಿತ್ತಿಗಿಂತ ಮೊದಲು ಅದಕ್ಕೆ ಇನ್ನೊಬ್ಬರ ಮೈ ತಾಗಬಾರದು, ಅದು ಕಸುಬಿನ ಮರ್ಯಾದೆ. ಈಗ ಈ ಮನುಷ್ಯ, ಇಡೀ ಬೀದಿಗೆ ಕಾಣುವ ಗಾಜಿನ ಗೋಡೆಯ ಹಿಂದೆ, ಮುಂದೆ ತನ್ನ ಮಗಳು ಗಂಡನ ಜೊತೆ ಮಲಗಬೇಕಾದ ಹಾಸಿಗೆಯ ಮೇಲೆ ಚಪ್ಪಲಿ ಬಿಟ್ಟು ಅಂಗಾತ ಮಲಗು ಎನ್ನುತ್ತಿದ್ದಾನೆ. ಎದುರಿನ ಕಬ್ಬಿನ ಹಾಲಿನ ಅಂಗಡಿಯವನು ಗಾಣ ತಿರುಗಿಸುವುದನ್ನು ಬಿಟ್ಟು ಇತ್ತಲೇ ನೋಡುತ್ತಿದ್ದ.

"ಅಪ್ಪಾ, ಎಲ್ರೂ ಮಲಗೇ ನೋಡ್ತಾರೆ. ಇಲ್ಲಿ ಹಾಗೇ," ಎಂದು ಹನಾದಿ ಅವನ ತೋಳಿನ ಹತ್ತಿರ ಪಿಸುಗುಟ್ಟಿದಳು.

"ಎಲ್ರಿಗೂ ಬೆನ್ನಿದೆ, ಮಲಗ್ತಾರೆ. ನಂಗೆ ಕೈಯಿದೆ," ಎಂದ ಮಿತ್ವಲ್ಲಿ. ಮಾತು ತಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. ಮಗಳು ಕೈಯಲ್ಲಿದ್ದ ಫೋನನ್ನು ನೋಡಿದಳು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತಪರೀಕ್ಷೆ ಮಾಡುವ ಹುಡುಗಿ, ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಾಳೆ: ಹಾಸಿಗೆಯ ಉದ್ದ, ಅಗಲ, ಸ್ಪ್ರಿಂಗಿನ ಎಣಿಕೆ, ಎಷ್ಟು ವರ್ಷದ ಗ್ಯಾರಂಟಿ. ಕೊನೆಯ ಸಾಲಿನಲ್ಲಿ ಅವಳ ತಾಯಿ ಇನ್ಸಾಫ್ ಬರೆಸಿದ್ದು: ಹದಿನಾಲ್ಕು ಸಾವಿರ ಪೌಂಡು, ಒಂದು ಕಾಸು ಹೆಚ್ಚಿಲ್ಲ. ಮಂಡಿನೋವಿನಿಂದ ಮನೆಯಲ್ಲೇ ಉಳಿದ ಇನ್ಸಾಫ್ ಬಾಗಿಲ ತನಕ ಕುಂಟುತ್ತ ಬಂದು, "ಹಾಸಿಗೆ ಇದ್ದಷ್ಟು ಕಾಲು ಚಾಚಿ, ಗೊತ್ತಾಯ್ತಾ? ಅಪ್ಪ ಮಗಳು ಇಬ್ರಿಗೂ ಹೇಳ್ತಿದೀನಿ," ಎಂದಿದ್ದಳು. ಯಾರಿಗೆ ಹೇಳುತ್ತಿದ್ದಾಳೆ! ಊರಿನವರ ಕಾಲು ಅಳೆದು ಹಾಸಿಗೆ ಹೊಲಿದವನಿಗೆ. ಮೆಟ್ಟಿಲಿಳಿಯುವಾಗ ಅವನಿಗೆ ನಗು ಬಂದಿತ್ತು, ಮಗಳೂ ನಕ್ಕಿದ್ದಳು. ಅಂಗಡಿಯೊಳಗೆ ಕಾಲಿಟ್ಟ ಮೇಲೆ ಇಬ್ಬರೂ ನಕ್ಕಿರಲಿಲ್ಲ.

"ಅಪ್ಪಾ, ನಂಗೆ ಹತ್ತಿ ಹಾಸಿಗೆ ಬೇಡ," ಎಂದು ಅವಳು ಹೇಳಿದ್ದು ಮೂರು ತಿಂಗಳ ಕೆಳಗೆ, ಊಟ ಮಾಡುತ್ತ, ಬೇಯಿಸಿದ ಅವರೆಕಾಳಿಗೆ ನಿಂಬೆ ಹಿಂಡುತ್ತ, ಉಪ್ಪು ಬೇಡ ಎನ್ನುವಷ್ಟು ಸಲೀಸಾಗಿ. ಮದುವೆಯಾಗುವ ಹುಡುಗ ಇಹಾಬ್ ನೂಲಿನ ಗಿರಣಿಯಲ್ಲಿ ಪಾಳಿಯ ಕೆಲಸದವನು. ಒಂದು ವಾರ ಹಗಲು, ಒಂದು ವಾರ ರಾತ್ರಿ. ಅವನು ಹೊತ್ತಲ್ಲದ ಹೊತ್ತಿನಲ್ಲಿ ಎದ್ದರೆ, ಮಲಗಿದರೆ ತನಗೆ ಎಚ್ಚರವಾಗಬಾರದಂತೆ. ಅದಕ್ಕೆ ಒಂದೊಂದು ಸ್ಪ್ರಿಂಗೂ ತನ್ನ ಪಾಡಿಗೆ ಒಂದೊಂದು ಚೀಲದಲ್ಲಿರುವ ಹಾಸಿಗೆ ಬರುತ್ತದಂತೆ, ಪಾಕೆಟ್ ಸ್ಪ್ರಿಂಗು. ಈ ಮಗ್ಗುಲಿನವರು ಹೊರಳಿದರೆ ಆ ಮಗ್ಗುಲಿಗೆ ತಿಳಿಯುವುದಿಲ್ಲವಂತೆ. "ನನ್ನ ಹತ್ತಿ ಮೇಲಿಂದ ಆನೆ ಎದ್ದು ಹೋದ್ರೂ ಇರುವೆಗೆ ಗೊತ್ತಾಗಲ್ಲ ಕಣೇ!" ಎಂದು ಮಿತ್ವಲ್ಲಿ ಅಂದಾಗ ಅವಳು ಸಮಾಧಾನವಾಗಿ, ರೋಗಿಗೆ ಹೇಳುವ ಹಾಗೆ ಹೇಳಿದಳು: ಹತ್ತಿ ಎರಡು ವರ್ಷಕ್ಕೊಮ್ಮೆ ಗಂಟುಕಟ್ಟುತ್ತದೆ, ಬಿಚ್ಚಿ ಹಿಂಜಿಸಬೇಕು, ಬಿಸಿಲಿಗೆ ಹಾಕಬೇಕು, ಇಹಾಬನ ಮನೆ ಐದನೆಯ ಮಹಡಿ, ತಾರಸಿಯ ಬೀಗ ಮಾಲೀಕನ ಹತ್ತಿರ. ಎಲ್ಲವೂ ನಿಜ. ಅವನು ಎದ್ದು ಒಳಕೋಣೆಗೆ ಹೋಗಿದ್ದ. ಅಲ್ಲಿ ಗೋಡೆಗೊರಗಿ ಏಳು ಮೂಟೆ. ಇವಳು ಹುಟ್ಟಿದ ವರ್ಷದಿಂದ, ಕೈ ಸಾಗಿದ ವರ್ಷಗಳಲ್ಲೆಲ್ಲ, ಹತ್ತಿ ಬಿಡಿಸುವ ಕಾಲದಲ್ಲಿ ಒಂದು ಮೂಟೆ ನೀಳ ಎಳೆಯ ಮೊದಲ ಕೊಯ್ಲಿನ ಹತ್ತಿ ತೆಗೆದಿಟ್ಟಿದ್ದ. ರಜಾಯಿ ದಿಂಬುಗಳಾದರೂ ಇವೆಯಲ್ಲ ಎಂದುಕೊಂಡರೆ, ಅವನ್ನು ಅವಳ ಸೋದರತ್ತೆ ಕುವೈತಿನಿಂದ ಕಳಿಸಿಬಿಟ್ಟಳು, ಝಿಪ್ಪು ಹಾಕಿದ ಚೀಲದಲ್ಲಿ, ಗಾಳಿಯಂತೆ ಹಗುರ, ಮುಟ್ಟಿದರೆ ಸರಕ್ ಸರಕ್. ಅವನಿಗೆ ಬೇಕಾಗಿದ್ದುದು ಇಷ್ಟೇ: ಮಗಳ ಮನೆಯಲ್ಲಿ ತನ್ನ ಕೈಯ ಒಂದು ವಸ್ತು ಇರಬೇಕು. ಊರಿನ ಸಾವಿರ ಹೆಣ್ಣುಮಕ್ಕಳ ಮನೆಯಲ್ಲಿ ಇದೆ. ಇವಳ ಮನೆಯಲ್ಲಿ ಇಲ್ಲದೆ ಹೋದರೆ ಆ ಸಾವಿರವನ್ನು ತೆಗೆದುಕೊಂಡು ಏನು ಮಾಡುವುದು?

ವಗ್ದಿ ಅವರನ್ನು ಮೊದಲು ನಿಲ್ಲಿಸಿದ್ದು ಹತ್ತೊಂಬತ್ತು ಸಾವಿರದ ಹಾಸಿಗೆಯ ಮುಂದೆ. ಎಲ್ಲ ಅಂಗಡಿಯವರೂ ಹೀಗೆಯೇ, ಮೊದಲು ಆಗದ್ದನ್ನು ತೋರಿಸಿ ಗಿರಾಕಿಯನ್ನು ಸಣ್ಣವನನ್ನಾಗಿ ಮಾಡುತ್ತಾರೆ. ನಲವತ್ತು ದಾಟಿದ ಆಸಾಮಿ, ತೆಳು ಮೀಸೆ, ಬೆರಳಿಗೆ ಬೆಳ್ಳಿಯುಂಗುರ, ಬಾಯಿ ತುಂಬ ಜೇನು. ಹನಾದಿ ಅದರ ಬೆಲೆಚೀಟಿ ನೋಡಿ, ಚೀಟಿಯನ್ನು ಮೊದಲಿದ್ದ ಹಾಗೆಯೇ ಮಗುಚಿಟ್ಟು, "ಬೇರೆ ತೋರ್ಸಿ," ಎಂದಳು. ಆ ಚೀಟಿ ಮಗುಚಿಟ್ಟ ಕೈಯನ್ನೇ ಮಿತ್ವಲ್ಲಿ ನೋಡಿದ. ಮಗಳ ಸಂಬಳದಲ್ಲೇ ಅರ್ಧ ಸಾಮಾನು ಬಂದಿದೆ, ಪಾತ್ರೆ, ಬಟ್ಟೆ ಒಗೆಯುವ ಯಂತ್ರ; ಹಾಸಿಗೆಯೊಂದನ್ನು ಅಪ್ಪನೇ ಕೊಡಲಿ ಎಂದು ಅವಳೇ ಬಿಟ್ಟುಕೊಟ್ಟದ್ದು. ಹಾಸಿಗೆಯವನ ಮಗಳು ತಾನೆ! ಅಷ್ಟು ಜಾಣತನ ಅವಳಿಗಿದೆ, ಅಪ್ಪನಿಗೆ ಎಲ್ಲಿ ನೋಯುತ್ತದೆಂದು ಗೊತ್ತು. ಅವಳಿಗೆ ಹನ್ನೆರಡು ವರ್ಷವಿದ್ದಾಗಲೂ ಗೊತ್ತಿತ್ತು. ಆಗ ಜಡೆಯಲ್ಲಿ ಯಾವಾಗಲೂ ಹತ್ತಿಯ ಎಳೆ. ಅಷ್ಟು ಸಣ್ಣ ಮನೆಯಲ್ಲಿ, ಅಪ್ಪ ಕೆಲಸದಿಂದ ಬಂದು ನಿಲುವಂಗಿ ಕೊಡವಿದರೆ ಅದು ಸಾರಿನ ಪಾತ್ರೆಗೂ ಬೀಳುತ್ತಿತ್ತು. ಶಾಲೆಯ ಹುಡುಗಿಯರು "ಅರಳೆ, ಏ ಅರಳೆ," ಎಂದು ಕರೆಯುತ್ತಾರೆಂದು ಇನ್ಸಾಫ್ ಹೇಳಿದ್ದಳು. ಒಂದು ಮಧ್ಯಾಹ್ನ ಅವನು ಹತ್ತಿ ಹಿಂಜುವ ಆಳುದ್ದದ ಬಿಲ್ಲನ್ನು ಹೆಗಲಿಗೇರಿಸಿ ಶಾಲೆಯ ಬಾಗಿಲ ಮುಂದೆ ಹೋಗುವಾಗ ಇವಳು ಮೂವರು ಗೆಳತಿಯರೊಂದಿಗೆ ಹೊರಬಂದಳು. ನೋಡಿದಳು. ನೋಡಿ, ಪಕ್ಕದ ಮೂಲಂಗಿ ಗಾಡಿಯ ಕಡೆ ತಿರುಗಿ, ಬಹಳ ಶ್ರದ್ಧೆಯಿಂದ ಮೂಲಂಗಿ ನೋಡತೊಡಗಿದಳು. ಮೂಲಂಗಿಯಲ್ಲಿ ನೋಡುವುದೇನಿದೆ? ಅವನು ಥಟ್ಟನೆ ಎಡಗಡೆಯ ಗಲ್ಲಿಗೆ ತಿರುಗಿದ. ಅಲ್ಲಿ ಗಿರಾಕಿಯಿದ್ದಾರೆ ಎಂದು ತನಗೆ ತಾನೇ ಹೇಳಿಕೊಂಡ. ಗಲ್ಲಿಯ ತುದಿಯಲ್ಲಿ ಗೋಡೆಯಿತ್ತು. ಆ ಸಂಜೆ ಮಗಳು ತಾನಾಗಿ ಬಡಿಸಲು ಬಂದು ತನ್ನ ಪಾಲಿನ ಮಾಂಸದ ತುಂಡನ್ನು ಅವನ ತಟ್ಟೆಗೆ ಹಾಕಿದಳು, ಅವನು ತಿಂದ. ಎಷ್ಟೋ ವರ್ಷ ಅವನು ಅದನ್ನು ಮಗಳ ತಪ್ಪೆಂದೇ ಕ್ಷಮಿಸುತ್ತ ಬಂದಿದ್ದ. ಆದರೆ ಗಲ್ಲಿಗೆ ತಿರುಗಿದವನು ಯಾರು? ಅಪ್ಪನ ಕಸುಬು ಮರೆಮಾಡಬೇಕಾದದ್ದು ಎಂದು ಅವಳಿಗೆ ಕಲಿಸಿದವನು ಯಾರು?

"ಇದು ನೋಡಿ, ನಿಮ್ಮ ಮಗಳಿಗೇ ಅಂತ ಬಂದಿದೆ," ಎಂದು ವಗ್ದಿ ಅವರನ್ನು ಗೋಡೆಯ ಕಡೆಯ ಹಾಸಿಗೆಗೆ ಕರೆದೊಯ್ದ. ಮೇಲೆ ಒಂದು ಗೇಣಿಗೆ ಸ್ವಲ್ಪ ಕಮ್ಮಿ ಎತ್ತರದ ಮೆತ್ತೆ, ಬಿಳಿ ಬಟ್ಟೆಯಲ್ಲಿ ಚೌಕುಳಿ ಹೊಲಿಗೆ, ಅಂಚಿಗೆ ಹೊಂಬಣ್ಣದ ಪಟ್ಟಿ. ಪಕ್ಕದಲ್ಲಿ ಕೊಯ್ದಿಟ್ಟ ಮಾದರಿಯ ತುಂಡು, ಅದರೊಳಗೆ ಸಾಲಾಗಿ ಸ್ಪ್ರಿಂಗಿನ ಪುಟ್ಟ ಚೀಲಗಳು. "ಪಾಕೆಟ್ ಸ್ಪ್ರಿಂಗು, ಮೇಲೆ ಮೆತ್ತೆ, ಹತ್ತು ವರ್ಷ ಗ್ಯಾರಂಟಿ. ಬೇರೆಯವ್ರಿಗೆ ಹದಿನೇಳು. ಹಾಜಿ ಮುಖ ನೋಡಿ ಹದಿಮೂರೂವರೆ. ನಂಗೂ ಒಬ್ಳು ಮಗಳಿದಾಳೆ ಸ್ವಾಮಿ, ಮದುವೆ ಕಷ್ಟ ನಂಗೊತ್ತು." ಹನಾದಿ ಚಪ್ಪಲಿ ಬಿಟ್ಟು, ಬೀದಿಗೆ ಬೆನ್ನು ಮಾಡಿ, ತಲೆವಸ್ತ್ರ ಸರಿಪಡಿಸಿಕೊಂಡು ಒಂದು ಮಗ್ಗುಲಿಗೆ ಮಲಗಿದಳು. ಕಣ್ಣು ಮುಚ್ಚಿದಳು. ಹತ್ತು ಗಂಟೆ ನಿಂತು ಕೆಲಸ ಮಾಡುವ ಅವಳ ಪಾದಗಳು ಕಾಲುಚೀಲದೊಳಗೇ ಸಡಿಲವಾದವು. "ಅಯ್ಯೋ ಅಪ್ಪಾ," ಎಂದಳು ಮೆಲ್ಲಗೆ, ಚಿಕ್ಕವಳಿದ್ದಾಗ ಹಿಂಜಿದ ಅರಳೆಯ ರಾಶಿಗೆ ಬಿದ್ದಾಗ ಎನ್ನುತ್ತಿದ್ದ ದನಿಯಲ್ಲೇ. ಇದೇ, ಆಯಿತು, ಕೊಟ್ಟುಬಿಡು ಎಂದುಕೊಂಡ ಮಿತ್ವಲ್ಲಿ. ಐನೂರು ಪೌಂಡು ಉಳಿಯುತ್ತದೆ, ಹೋಗುವಾಗ ಮಗಳಿಗೆ ರವೆಯ ಸಿಹಿ ಬಸ್ಬೂಸ ಕೊಡಿಸಬಹುದು. ಒಂದು ಹುಡುಗಿ ಕಣ್ಣು ಮುಚ್ಚಿ ಹೀಗೆ ಮಲಗಿರುವಾಗ ಯಾವ ಅಪ್ಪನ ಕಸುಬು ಯಾವ ಲೆಕ್ಕಕ್ಕೆ? ಅವನ ಕೈ ಆಗಲೇ ನಿಲುವಂಗಿಯ ಒಳಜೇಬಿಗೆ ಹೋಗಿತ್ತು.

ಆದರೆ ವಗ್ದಿ ಬಾಯಿ ಮುಚ್ಚಲಿಲ್ಲ. ಆಗಲೇ ಗೆದ್ದವನು ಸುಮ್ಮನಿರಬೇಕು, ಇವನು ಹೊಗಳುತ್ತಲೇ ಇದ್ದ, ಚಹಾ ತರಿಸಿದ, ಸಕ್ಕರೆ ತಾನೇ ಕಲಕಿದ. ಅಷ್ಟು ಹೊತ್ತೂ ಅವನ ಎಡಗೈ ಆ ಮಾದರಿಯ ತುಂಡಿನ ಮೇಲೆಯೇ ಇತ್ತು, ಹಾಸಿಗೆಯ ಮೇಲೆ ಬರಲಿಲ್ಲ. ಮಿತ್ವಲ್ಲಿ ಆ ಕೈಯನ್ನು ನೋಡಿದ. ಆ ಕೈ ಅವನಿಗೆ ಪರಿಚಯದ್ದು. ಹನಾದಿಗೆ ವಿಷಮಶೀತ ಜ್ವರ ಬಂದು ಆಸ್ಪತ್ರೆಯಲ್ಲಿದ್ದ ವರ್ಷ ಅದು ಅವನದೇ ಕೈಯಾಗಿತ್ತು. ಸೊಪ್ಪು ಮಾರುವ ವಿಧವೆ ಉಮ್ಮು ನಸೀಮ್ ಮಗಳ ಹಾಸಿಗೆಗೆಂದು ಒಳ್ಳೆ ಹತ್ತಿಗೆ ದುಡ್ಡು ಕೊಟ್ಟಿದ್ದಳು. ಅವನು ಮೇಲೊಂದು ಪದರ ಕೆಳಗೊಂದು ಪದರ ಒಳ್ಳೆಯದಿಟ್ಟು ನಡುವೆ ಗಿರಣಿಯ ಕಸಗುಡಿಸಿದ ಬೂದು ಹತ್ತಿ ತುಂಬಿದ. ತುಂಬುವಾಗ ಅವಳ ಹತ್ತಿರ ಎಷ್ಟು ಮಾತಾಡಿದ್ದ! ಮಗಳಿಗೆ ಎಷ್ಟು ಹರಸಿದ್ದ! ಒಂದು ಅಂಗೈ ಒಳ್ಳೆಯ ಅರಳೆಯನ್ನು ಎಡಗೈಯಲ್ಲಿ ಹಿಡಿದು ತೋರಿಸುತ್ತಲೇ ಇದ್ದ. ಮೂರು ವರ್ಷದ ಮೇಲೆ ಅದನ್ನು ಮತ್ತೆ ಹಿಂಜಲು ಅವನನ್ನೇ ಕರೆಸಿದರು. ಬಟ್ಟೆ ಬಿಚ್ಚಿದಾಗ ಬೂದು ಕಸ ನೆಲಕ್ಕೆ ಬಿತ್ತು, ಅದರಲ್ಲಿ ಸಿಗರೇಟಿನ ತುಂಡೊಂದು. ಉಮ್ಮು ನಸೀಮ್ ಅದನ್ನು ನೋಡಿದಳು, ಅವನನ್ನು ನೋಡಿದಳು, ತಲೆವಸ್ತ್ರದ ತುದಿಯಿಂದ ಬಾಯೊರೆಸಿಕೊಂಡು, "ನಮ್ಮ ಹತ್ತಿ ಯಾಕೋ ಬೇಗ ಮುದಿಯಾಗಿಬಿಡ್ತು ಉಸ್ತಾ," ಎಂದಳು. ಅಷ್ಟೇ. ಬೈದಿದ್ದರೆ ಬದುಕುತ್ತಿದ್ದ. ಆಮೇಲೆ ಅವನು ಮಗಳಿಗೆಂದು ತೆಗೆದಿಟ್ಟವುಗಳಲ್ಲಿ ಎಂಟನೆಯದಾಗಿ ಉಳಿಯಬೇಕಿದ್ದ ಒಂದು ಮೂಟೆಯನ್ನು ಹೊತ್ತು ತಂದು ಅವಳ ಮಗಳಿಗೆ ಹೊಸ ಹಾಸಿಗೆ ಮಾಡಿಕೊಟ್ಟ, ಕೂಲಿ ಬೇಡವೆಂದ. ಅವಳು ಎರಡು ಕಟ್ಟು ಸೊಪ್ಪು ಕೊಟ್ಟಳು. ಆ ಸೊಪ್ಪನ್ನು ಮನೆಯಲ್ಲಿ ತಿನ್ನುವಾಗ ಅವನಿಗೆ ಅಳು ಬಂದಿತ್ತು, ಇನ್ಸಾಫ್ ಖಾರವೇ ಎಂದು ಕೇಳಿದ್ದಳು.

"ಎದ್ದೇಳಮ್ಮ ಸ್ವಲ್ಪ," ಎಂದ ಮಗಳಿಗೆ. ಅವಳು ಎದ್ದು ನಿಂತಳು. ಮಿತ್ವಲ್ಲಿ ತುಂಬಿದ ಚಹಾದ ಲೋಟವನ್ನು ತೆಗೆದುಕೊಂಡು, ಪ್ಲಾಸ್ಟಿಕ್ಕು ಹೊದ್ದ ಹಾಸಿಗೆಯ ನಟ್ಟನಡುವೆ ಇಟ್ಟ. ನೆಲದ ಮೇಲೆ ಮೊಣಕಾಲೂರಿದ.

"ಅಪ್ಪಾ!" ಎಂದಳು ಹನಾದಿ. ಅವಳು ಬೀದಿಯ ಕಡೆ ನೋಡಿದಳು. ಕಬ್ಬಿನ ಹಾಲಿನವನ ಜೊತೆಗೆ ಈಗ ಇನ್ನಿಬ್ಬರು ನಿಂತಿದ್ದರು.

"ಹಾಜಿ, ಅದು ಬಿಳಿ ಬಟ್ಟೆ..." ಎಂದ ವಗ್ದಿ.

ಗಾಜಿನ ಹಿಂದೆ ಮಂಡಿಯೂರಿ ಕೂತ ಮುದುಕ, ಹಾಸಿಗೆಯ ಮೇಲೆ ಚಹಾ. ಮಗಳ ಮುಖ ಕೆಂಪಾದದ್ದು ಅವನಿಗೆ ಕಂಡಿತು. ಗಲ್ಲಿಯೊಂದಿದ್ದರೆ ತಿರುಗಿಬಿಡುತ್ತಿದ್ದನೋ ಏನೋ. ಇರಲಿಲ್ಲ. ಅವನು ಲೋಟದಿಂದ ಒಂದು ಗೇಣು ದೂರದಲ್ಲಿ ಮುಷ್ಟಿಯನ್ನು ಊರಿ ಒಮ್ಮೆ ಒತ್ತಿ ಬಿಟ್ಟ. ಲೋಟ ತೂರಾಡಿ ವಾಲಿತು, ಚಹಾ ಪ್ಲಾಸ್ಟಿಕ್ಕಿನ ಮೇಲೆ ಹರಿದು ಹೊಂಬಣ್ಣದ ಪಟ್ಟಿಯ ತನಕ ಬಂತು. ಮೂವರೂ ಅದನ್ನು ನೋಡಿದರು. ಮಾದರಿಯ ತುಂಡಿನಲ್ಲಿ ಏನೇ ಇರಲಿ, ಈ ಹಾಸಿಗೆಯೊಳಗಿನ ಸ್ಪ್ರಿಂಗುಗಳಿಗೆ ಬೇರೆ ಬೇರೆ ಚೀಲಗಳಿರಲಿಲ್ಲ. ಎಲ್ಲವನ್ನೂ ತಂತಿಯಿಂದ ಒಂದಕ್ಕೊಂದು ಹೆಣೆದು ಮೇಲೆ ಮೆತ್ತೆ ಹೊದಿಸಿದ್ದರು. ಮೇಲೊಂದು ಪದರ, ಕೆಳಗೊಂದು ಪದರ, ನಡುವೆ ಬೂದು. ವಗ್ದಿಯ ಕೈ ಮಾದರಿಯ ಮೇಲಿಂದ ಜಾರಿತು. ಬಯ್ಯುವುದಕ್ಕೆ ಮಿತ್ವಲ್ಲಿಯ ಬಾಯಿಗೆ ಒಳ್ಳೊಳ್ಳೆಯ ಮಾತುಗಳು ಬಂದಿದ್ದವು, ಬೀದಿಯಲ್ಲಿ ಕೇಳುವವರೂ ಇದ್ದರು. ಅವನು ಕರವಸ್ತ್ರ ತೆಗೆದು ಚಹಾ ಒರೆಸಿದ.

"ಮಗಾ," ಎಂದ ತಗ್ಗಿದ ದನಿಯಲ್ಲಿ, "ಈ ಹಾಸಿಗೆ ಸ್ಪ್ರಿಂಗುಗಳು ಯಾಕೋ ಒಂದರ ಕೈ ಒಂದು ಹಿಡ್ಕೊಂಡುಬಿಟ್ಟಿವೆ. ಕಾರ್ಖಾನೆಯವರು ನಿಂಗೆ ತಪ್ಪಿ ಕಳಿಸಿರಬೇಕು, ವಿಚಾರ್ಸು."

ವಗ್ದಿ ತನ್ನ ಉಂಗುರ ತಿರುಗಿಸಿದ. "ತಪ್ಪೇ ಇರ್ಬೇಕು," ಎಂದ. ಆಮೇಲೆ, ಜೇನಿಲ್ಲದ ತನ್ನ ಸ್ವಂತ ದನಿಯಲ್ಲಿ, "ನೀವು ಏನು ಕೆಲಸ ಮಾಡ್ತೀರಿ?" ಎಂದು ಕೇಳಿದ.

ಮಿತ್ವಲ್ಲಿ ಬಾಯಿ ತೆರೆಯುವ ಮೊದಲೇ ಹನಾದಿ, "ಹಾಸಿಗೆ ಮಾಡ್ತಾರೆ. ಉಸ್ತಾ ಮಿತ್ವಲ್ಲಿ ಅಂದ್ರೆ ಇವರೇ," ಎಂದಳು. ಅವಳ ಮುಖ ಇನ್ನೂ ಕೆಂಪಾಗಿಯೇ ಇತ್ತು, ಆದರೆ ಅದು ಬೇರೆ ಕೆಂಪು. ಅವನು ಮೊಣಕಾಲಿನ ಧೂಳು ಕೊಡವುವ ನೆಪದಲ್ಲಿ ತಲೆ ತಗ್ಗಿಸಿದ. ಎದೆಯೊಳಗೆ ಒಮ್ಮೆ ಬಿಲ್ಲಿನ ದಾರ ಮೀಟಿದ ಹಾಗಾಯಿತು. ಇರಲಿ, ಅಂಗಡಿಯವನ ಬಾಯಿ ಮುಚ್ಚಿಸಲು ಹೇಳಿದ್ದಾಳೆ, ಅಷ್ಟಕ್ಕೇ ಹಿಗ್ಗಬೇಡ ಎಂದು ತನ್ನನ್ನು ತಾನೇ ಗದರಿಕೊಂಡ. ಹಿಗ್ಗು ಗದರಿಕೆಗೆ ಬಗ್ಗಲಿಲ್ಲ.

"ಮುಚ್ಚುಮರೆ ಇಲ್ಲದ್ದು ಒಂದು ತೋರ್ಸು ಉಸ್ತಾನಿಗೆ," ಎಂದ ಮಿತ್ವಲ್ಲಿ. ವಗ್ದಿ ಹಿಂಭಾಗಕ್ಕೆ ಕರೆದೊಯ್ದು, ಮೆತ್ತೆಯಿಲ್ಲದ, ಪಟ್ಟಿಯಿಲ್ಲದ, ಗೋಡೆಗೊರಗಿಸಿಟ್ಟಿದ್ದ ಒಂದು ಹಾಸಿಗೆಯನ್ನು ಮಲಗಿಸಿದ. ಹನ್ನೊಂದು ಸಾವಿರ. ಇದಕ್ಕೆ ಝಿಪ್ಪು ಇದೆ, ತೆಗೆದು ನೋಡಿಕೊಳ್ಳಿ ಎಂದ. ತೆಳುವಾದ ಹೊದಿಕೆ ಸರಿಸಿದಾಗ ಮಿತ್ವಲ್ಲಿ ಸುಮ್ಮನೆ ನೋಡಿದ. ಸಾವಿರ ಸ್ಪ್ರಿಂಗು, ಸಾವಿರ ಬಿಳಿ ಅಂಗಿ. ಒಂದೊಂದಕ್ಕೂ ಅದರ ಮೈಯಳತೆಗೆ ಬಟ್ಟೆ ಸುತ್ತಿ, ಮೇಲೆ ಕೆಳಗೆ ಬಿಗಿದು, ಪಕ್ಕದ್ದಕ್ಕೆ ಸೊಂಟದಲ್ಲಿ ಮಾತ್ರ ಅಂಟಿಸಿದ್ದರು. ಮಾಡಿದ್ದು ಯಂತ್ರವೇ ಇರಲಿ, ಆ ಯಂತ್ರಕ್ಕೆ ಹೇಳಿಕೊಟ್ಟವನು ಯಾರೋ ಉಸ್ತಾನೇ ಇರಬೇಕು. ಮಲಗುವವರ ಮೈ ಎಲ್ಲಿ ಭಾರ ಎಲ್ಲಿ ಹಗುರ ಎಂದು ಅವನಿಗೆ ಗೊತ್ತಿದೆ. ಮೂರು ತಿಂಗಳಿಂದ ಇದರ ಮೇಲೆ ಹಲ್ಲು ಕಡಿಯುತ್ತಿದ್ದೆನಲ್ಲ ಎಂದು ಅವನಿಗೆ ಸಣ್ಣಗೆ ನಾಚಿಕೆಯಾಯಿತು. ಲೋಟವಿಟ್ಟು ಒತ್ತಿದ. ಕೈ ಇಳಿಯಿತು, ಲೋಟ ಅಲುಗಲಿಲ್ಲ. "ಶಭಾಷ್," ಎಂದ, ಯಾರಿಗೆಂದು ತಿಳಿಯದೆ.

"ಇದಕ್ಕೆ ಅಡಿಚೌಕಟ್ಟು ಗಟ್ಟಿ ಇರ್ಬೇಕು ಉಸ್ತಾ," ಎಂದ ವಗ್ದಿ. ಹಾಜಿ ಹೋಗಿ ಉಸ್ತಾ ಬಂದಿತ್ತು. "ಹಲಗೆ ಹಲಗೆ ನಡುವೆ ನಾಲ್ಕು ಬೆರಳಿಗಿಂತ ಹೆಚ್ಚು ಸಂದಿದ್ರೆ ಗ್ಯಾರಂಟಿ ಹೋಯ್ತು. ನಿಮ್ಮ ಮಂಚ ಹೇಗಿದೆ?" ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ಮಂಚ ಗಂಡಿನ ಕಡೆಯ ಪಾಲು. ಇಹಾಬನ ತಾಯಿ ಹಾಜ್ಜಾ ದೌಲತ್, ನಿಜಕ್ಕೂ ಹಜ್ ಮಾಡಿ ಬಂದವಳು, ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು, ಅದನ್ನು ಮರಗೆಲಸಕ್ಕೆ ಹೆಸರಾದ ದಮಿಯೆತ್ತದಿಂದ ತರಿಸಿದ್ದಳು. ತಲೆಗಡೆ ನವಿಲಿನ ಕೆತ್ತನೆ, ಚಿನ್ನದ ಬಣ್ಣ. ನೋಡಲು ಕರೆದಾಗ ಮಿತ್ವಲ್ಲಿ ಶರಬತ್ತು ಕುಡಿಯುತ್ತ, ಎಲ್ಲರೂ ನವಿಲನ್ನು ಹೊಗಳುವಾಗ, ಕೈಯನ್ನು ಕೆಳಗೆ ತೂರಿಸಿ ನೋಡಿದ್ದ: ಒಂಬತ್ತು ಹಲಗೆ, ಹೆಬ್ಬೆರಳ ದಪ್ಪ, ನಡುವೆ ಬೆಕ್ಕು ನುಸುಳುವಷ್ಟು ಸಂದಿ. ಹೇಳುವುದು ಹೇಗೆ? ಗಂಡಿನ ಕಡೆಯ ಮಂಚ ಸರಿಯಿಲ್ಲ ಎಂದರೆ ಗಂಡೇ ಸರಿಯಿಲ್ಲ ಎಂದ ಹಾಗೆ. ಅವನು "ಮಾಷಾ ಅಲ್ಲಾ, ಎಂಥ ನವಿಲು," ಎಂದಿದ್ದ. ಹಾಜ್ಜಾ ದೌಲತ್ ತೃಪ್ತಿಯಿಂದ, "ಹಾಸಿಗೆ ಬರೋ ದಿನ ನೀವು ಬಿಳಿ ನಿಲುವಂಗಿ ಹಾಕ್ಕೊಂಡು ಗಂಡಸರ ಜೊತೆ ಕೂತ್ಕೊಳ್ಳಿ ಹನಾದಿಯಪ್ಪ. ಇಷ್ಟು ವರ್ಷ ದುಡಿದದ್ದು ಸಾಕು," ಎಂದಿದ್ದಳು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು, ಅದಕ್ಕೇ ಹೆಚ್ಚು ನೋವಾಯಿತು. ಗಟ್ಟಿ ಚೌಕಟ್ಟಿಗೆ ಮೂರು ಸಾವಿರದಿನ್ನೂರು. ನಡುವೆ ಆಸರೆಯ ಕಾಲು, ಬೀಚ್ ಮರದ ಹಲಗೆ, ನವಿಲಿನ ಮಂಚದೊಳಗೆ ಯಾರಿಗೂ ಕಾಣದ ಹಾಗೆ ಕೂರುತ್ತದೆ. ಹಾಸಿಗೆ, ಚೌಕಟ್ಟು ಸೇರಿ ಹದಿನಾಲ್ಕು ಸಾವಿರಕ್ಕೆ ವಗ್ದಿ ತಾನಾಗಿ ಇಳಿದ, ಸಾಗಿಸುವ ಖರ್ಚೂ ತನ್ನದೇ ಎಂದ. ಅದು ಚಹಾದ ಲೋಟದ ಬೆಲೆ ಎಂದು ಇಬ್ಬರಿಗೂ ಗೊತ್ತಿತ್ತು.

ಹನಾದಿ ಮಲಗಿ ನೋಡಿದಳು. ಈ ಸಲ ಕಣ್ಣು ಮುಚ್ಚಲಿಲ್ಲ. "ಚೆನ್ನಾಗಿದೆ," ಎಂದಳು. ಅವಳ ತಾಯಿಯ ಅಡುಗೆಗೆ ಉಪ್ಪು ಕಮ್ಮಿಯಾದಾಗಲೂ ಅವಳು ಹೀಗೆಯೇ ಚೆನ್ನಾಗಿದೆ ಎನ್ನುತ್ತಾಳೆ. ಮೂಳೆಗೆ ಒತ್ತುತ್ತದೆ, ಅವನಿಗೆ ಗೊತ್ತು. ಸ್ಪ್ರಿಂಗಿಗೂ ಮೈಗೂ ನಡುವೆ ಏನಾದರೂ ಬೇಕು. ಆ ಹತ್ತೊಂಬತ್ತು ಸಾವಿರದ್ದರಲ್ಲಿ ಎಂಟು ಸಾವಿರ ಆ ನಡುವಿನ ಪದರಕ್ಕೇ. ಮೂವತ್ತೇಳು ವರ್ಷ ಬಾಗಿಲು ಬಾಗಿಲಿಗೆ ಹೋಗಿ ಕೆಲಸ ಕೇಳಿದವನಿಗೆ ಸ್ವಂತ ಮಗಳನ್ನು ಕೇಳಲು ಮಾತು ಸಿಗಲಿಲ್ಲ. ಅವಳು ಬೇಡ ಎಂದರೆ? ಬೇಡ ಎನ್ನುವುದಿಲ್ಲ ಅವಳು, "ಆಯ್ತಪ್ಪಾ" ಎಂದು ಕರುಣೆಯಿಂದ ಒಪ್ಪಿ, ಮಾಡಿಸಿಕೊಂಡು, ಅಟ್ಟಕ್ಕೆ ಹಾಕಿದರೆ? ಅದಕ್ಕಿಂತ ಕೇಳದಿರುವುದೇ ವಾಸಿ. ಅವನು ಝಿಪ್ಪನ್ನು ಎಳೆದು ಮುಚ್ಚಿದ, ಅಂಚು ನೇರ ಮಾಡಿದ, ಮತ್ತೊಮ್ಮೆ ನೇರ ಮಾಡಿದ.

"ಮೇಲಿನ ಮೆತ್ತೆ ಒಂದು," ಎಂದ ಕೊನೆಗೆ, ಹಾಸಿಗೆಗೆ ಹೇಳುವ ಹಾಗೆ. "ಮನೇಲಿ ಹತ್ತಿ ಇದೆಯಲ್ಲ. ತೆಳ್ಳಗೆ. ಸುತ್ತಿಡಬಹುದು, ಕಿಟಕಿ ಬಿಸಿಲು ಸಾಕು ಅದಕ್ಕೆ. ಗಂಟುಕಟ್ಟಿದ್ರೆ ನಾನಿದೀನಿ. ನಿಂಗೆ ಬೇಡ ಅಂದ್ರೆ ಬೇಡ."

ಅವಳು ಎದ್ದು ಕೂತಳು. ಅವನ ಕಿವಿಯ ಹಿಂದೆ, ನರೆಗೂದಲಲ್ಲಿ, ಯಾವಾಗಿನದೋ ಒಂದು ಹತ್ತಿಯ ಎಳೆ ಸಿಕ್ಕಿಕೊಂಡಿತ್ತು. ಅದನ್ನೇ ನೋಡುತ್ತಿದ್ದಾಳೆಂದು ಅವನಿಗೆ ತಿಳಿಯಿತು. ತೆಗೆಯಲೆಂದು ಕೈಯೆತ್ತಿದವಳು ತೆಗೆಯಲಿಲ್ಲ.

"ಎಷ್ಟು ದಪ್ಪ?"

"ನಾಲ್ಕು ಬೆರಳು."

"ನಿನ್ನ ಬೆರಳಲ್ಲಿ ತಾನೆ?" ಎಂದಳು ಹನಾದಿ. "ಅಮ್ಮನ ಬೆರಳಲ್ಲಿ ಅಳೆದು ಮೋಸ ಮಾಡ್ಬೇಡ ಮತ್ತೆ. ಆಮೇಲೆ ಮನೆಯೊಳಗೆ ಕೂತು ಮಾಡ್ಬೇಡ. ಎಲ್ರಿಗೂ ಮಾಡ್ತೀಯಲ್ಲ, ಬೀದೀಲಿ, ಹಾಗೇ ಮಾಡ್ಬೇಕು. ನಮ್ಮ ಆಸ್ಪತ್ರೆಯವ್ರನ್ನೆಲ್ಲ ಕರೀತೀನಿ."

"ನಿನ್ನ ಅತ್ತೆ ಬಿಳಿ ನಿಲುವಂಗಿ ಹಾಕ್ಕೋ ಅಂದಿದಾಳೆ."

"ಹಾಕ್ಕೋ. ಕೆಲಸ ಮುಗಿದ್ಮೇಲೆ."

ಎರಡು ವಾರ ಕಳೆದು, ಶುಕ್ರವಾರದ ನಮಾಜಿನ ನಂತರ, ಗಲ್ಲಿಯಲ್ಲಿ ಚಾಪೆ ಹಾಸಿ ಏಳು ಮೂಟೆಗಳಲ್ಲಿ ಎರಡನ್ನು ಬಿಚ್ಚಿದಾಗ ಅಕ್ಕಪಕ್ಕದ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಇಷ್ಟು ನೀಳ ಎಳೆಯ ಹತ್ತಿಯನ್ನು ಅವರಲ್ಲಿ ಅನೇಕರು ಕಂಡಿರಲಿಲ್ಲ. ಮಿತ್ವಲ್ಲಿ ಕೆಲಸದ ಹಳೆಯ ನಿಲುವಂಗಿಯಲ್ಲಿ ಮಂಡಿಯೂರಿ ಬಿಲ್ಲು ಮೀಟಿದ. ಧಂಯ್, ಧಂಯ್. ಹತ್ತಿ ಎದ್ದು, ಹಾರಿ, ಅವನ ಹುಬ್ಬಿಗೆ, ಮೀಸೆಗೆ, ಸುತ್ತ ಕುಣಿಯುತ್ತಿದ್ದ ಆಸ್ಪತ್ರೆಯ ಹುಡುಗಿಯರ ತಲೆವಸ್ತ್ರಕ್ಕೆ ಕೂತಿತು. ಇನ್ಸಾಫ್ ಮಂಡಿನೋವು ಮರೆತು ನಾಲಿಗೆ ಹೊರಳಿಸಿ ಮಂಗಳದ ಕೂಗು ಹಾಕಿದಳು, ಗಲ್ಲಿಯುದ್ದಕ್ಕೂ ಹೆಂಗಸರು ಅದನ್ನೆತ್ತಿಕೊಂಡರು. ನೆರೆಯವರು ಪದ್ಧತಿಯ ಪ್ರಕಾರ ಅರಳೆಯ ಮೇಲೆ ಉಸ್ತಾನ ಪಾಲಿನ ಶುಭದ ಕಾಸು ಎಸೆದರು, ಅವನು ಎಂದಿನಂತೆ ಒಂದೊಂದನ್ನೂ ಎತ್ತಿ ಹರಸಿ ಜೇಬಿಗೆ ಹಾಕಿದ. ಅಷ್ಟರಲ್ಲಿ ಇಹಾಬನ ಕಡೆಯವರ ಕಾರು ಗಲ್ಲಿಯ ಬಾಯಲ್ಲಿ ನಿಂತು ಹಾಜ್ಜಾ ದೌಲತ್ ಇಳಿದಳು. ಕೈಯಲ್ಲಿ ಮಡಿಸಿದ ಇನ್ನೂರರ ನೋಟು. ಯಾರೋ ಕೂಲಿಯ ಉಸ್ತಾ ಇರುತ್ತಾನೆಂದು, ಅವನಿಗೆ ಎಸೆಯಲು ಮನೆಯಿಂದಲೇ ಹಿಡಿದು ಬಂದದ್ದು. ಚಾಪೆಯ ಹತ್ತಿರ ಬಂದವಳು ಬಿಲ್ಲು ಹಿಡಿದವನ ಮುಖ ನೋಡಿ ಅಲ್ಲೇ ನಿಂತುಬಿಟ್ಟಳು.

ಎಸೆದರೆ ಬೀಗನನ್ನು ಕೂಲಿಯವನನ್ನಾಗಿ ಮಾಡಿದ ಹಾಗೆ. ಎಸೆಯದಿದ್ದರೆ ಮದುವಣಗಿತ್ತಿಯ ಹಾಸಿಗೆಗೆ ಗಂಡಿನ ಕಡೆಯಿಂದ ಶುಭದ ಕಾಸು ಬೀಳಲಿಲ್ಲವೆಂದು ಗಲ್ಲಿ ಇಪ್ಪತ್ತು ವರ್ಷ ಆಡಿಕೊಳ್ಳುತ್ತದೆ. ಎರಡು ಸಾವಿರ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಹೆಂಗಸಿನ ಕೈ ಗಾಳಿಯಲ್ಲಿ ನಿಂತಿತು. ಕೂಗು ನಿಂತಿತು, ತಟ್ಟುತ್ತಿದ್ದ ಡೋಲು ನಿಂತಿತು. ಇನ್ಸಾಫ್ ಮುಖ ಮುಚ್ಚಿಕೊಂಡಳು. ಮಿತ್ವಲ್ಲಿಗೆ ಬಲಗಡೆ ಮನೆಯ ಬಾಗಿಲು ತೆರೆದಿರುವುದು ಕಂಡಿತು. ಎದ್ದು ಒಳಗೆ ಹೋಗಿ ಬಿಳಿ ನಿಲುವಂಗಿ ತೊಟ್ಟು ಬಂದರೆ ಎಲ್ಲರ ಮಾನವೂ ಉಳಿಯುತ್ತದೆ. ಅವನು ಆ ಬಾಗಿಲನ್ನು ಒಮ್ಮೆ ನೋಡಿದ. ಮಗಳನ್ನು ನೋಡಿದ. ಹನಾದಿ ತನ್ನ ಗೆಳತಿಯರ ನಡುವೆ, ತಲೆವಸ್ತ್ರದ ತುಂಬ ಅರಳೆಯೊಂದಿಗೆ, ಅವನನ್ನೇ ನೇರವಾಗಿ ನೋಡುತ್ತಿದ್ದಳು. ಅವನು ಮಂಡಿಯೂರಿದಲ್ಲೇ ಬೆನ್ನು ನೆಟ್ಟಗೆ ಮಾಡಿದ.

"ಎಸೀರಿ ಹಾಜ್ಜಾ, ಎಸೀರಿ. ಇದು ಉಸ್ತಾನ ಪಾಲು," ಎಂದ ಇಡೀ ಗಲ್ಲಿಗೆ ಕೇಳುವ ಹಾಗೆ. "ಹುಡುಗಿ ಅಪ್ಪ ಕೆಲಸ ಮುಗಿಸಿ ಬಟ್ಟೆ ಬದಲಾಯಿಸ್ಕೊಂಡು ಬರ್ತಾನೆ. ಅವನಿಗೆ ಏನು ಹೇಳ್ಬೇಕೋ ಆಗ ಹೇಳಿ."

ಹಾಜ್ಜಾ ದೌಲತ್‌ಗೆ ಮೊದಲು ನಗು ಬಂತು, ಆಮೇಲೆ ಕಣ್ಣು ತುಂಬಿತು. ನೋಟು ಅರಳೆಯ ಮೇಲೆ ಸದ್ದಿಲ್ಲದೆ ಬಿತ್ತು. ಮಿತ್ವಲ್ಲಿ ಅದನ್ನು ಎತ್ತಿ, ಮುತ್ತಿಟ್ಟು, ಹಣೆಗೊತ್ತಿ, ಎಲ್ಲರಿಗೂ ಕಾಣುವಂತೆ ಟೋಪಿಯ ಅಂಚಿಗೆ ಸಿಕ್ಕಿಸಿಕೊಂಡ. ಆಮೇಲೆ ಹರಡಿದ ಅರಳೆಯ ಪಕ್ಕದಲ್ಲಿ ನಾಲ್ಕು ಬೆರಳು ನಿಲ್ಲಿಸಿ ಅಳೆದ. ಇನ್ನೂ ಸ್ವಲ್ಪ ಕಮ್ಮಿಯಿತ್ತು. ಮತ್ತೆ ಬಿಲ್ಲೆತ್ತಿಕೊಂಡ.